ಹದಿಮೂರು ಕೆಂಪು ಬೀಜ

ಬರಗೂರು
ಅಕ್ಟೋಬರ್ 17, 2025

ಪ್ರೀತಿಯ ಯಶೋದಕ್ಕ,

ಅಲ್ಲಕ್ಕಾ, ಹಂಗಾದ್ರೆ ಕಡ್ಲೆಕಾಯಿಯ ಆಕಾರವೂ ತಾಯಿದು, ಬೀಜದ ಮೇಲಿನ ಸಿಪ್ಪೆಯೂ ತಾಯಿದು, ಮಗು ಮಾತ್ರ ಒಳಗೆ ಅಡಗಿರುತ್ತೆ ಅಂತನಾ? ರೈತರ ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ವಾಯ್ಸ್ ಮೆಸೇಜು ಒಂಬತ್ತು ಸಲ ಕೇಳಿದೆ. ತಲೆ ಇನ್ನೂ ಗಿರ್ ಅಂತಿದೆ. ಅಲ್ಲಿ ಇನ್ನೂರು ಜನ ಇದ್ದಾರೆ, ಅದಕ್ಕೇ ಕಾಗದ ಬರೀತಿದೀನಿ.

ಹೋದ ವರ್ಷ ನಿಮ್ಮ ವಿಡಿಯೋ ನೋಡ್ಕೊಂಡು ಕಡ್ಲೆಕಾಯಿಗೆ ಕ್ರಾಸ್ ಮಾಡಿದೆನಲ್ಲ? ಸಂಜೆ ನಮ್ಮ ಹೊಲದ ಗಿಡದ ಮೊಗ್ಗಿಂದ ಕೇಸರ ಕಿತ್ತೆ. ಬೆಳಿಗ್ಗೆ ನಮ್ಮ ಅಜ್ಜಿ ರಂಗಕ್ಕನ ಗಿಡದ ಪರಾಗ ಸವರಿದೆ. ಅಜ್ಜಿಯದು ಪಾವಗಡದ ಕಡೆಯ ಅವಳ ತವರಿನ ತಳಿ: ಕಾಯಿಗೆ ಮೂರು ಬೀಜ, ಬೀಜದ ಸಿಪ್ಪೆ ಕಡುಗೆಂಪು. ಕುಂಡದಲ್ಲಿ ಒಂದೇ ಗಿಡ ಉಳಿದಿತ್ತು. ಕಾಯಿ ಬಲಿಯೋ ಮೊದಲೇ ಅದನ್ನ ಹೆಗ್ಗಣ ಮುಗಿಸ್ತು. ಹಾಗಾಗಿ ಆ ತಳಿ ಇನ್ನು ಎಲ್ಲಾದರೂ ಇದ್ದರೆ, ನಾನು ದಾರ ಕಟ್ಟಿದ ಏಳು ಕಾಯೊಳಗೆ ಮಾತ್ರ.

ಒಡೆದು ನೋಡಿದರೆ ಹದಿಮೂರು ಬೀಜ, ಎಲ್ಲಾ ನಮ್ಮ ಹೊಲದ್ದೇ ಮಾಸಲು ಬಣ್ಣ. ಒಂದು ಕಾಯಲ್ಲೂ ಮೂರಿಲ್ಲ. ಫೋಟೋ ಹಾಕಿದ್ದಕ್ಕೆ ಶಿರಾದ ರಂಗರಾಜಣ್ಣ ಏನಂದ್ರು ನೆನಪಿದೆಯಲ್ಲ? "ಅಪ್ಪನ ಬಣ್ಣ ಒಂದಕ್ಕೂ ಬಂದಿಲ್ವಲ್ಲ ಗಂಗಾ, ಗಂಡೇ ಬೇರೆ ಇರ್ಬೇಕು ಕಣಮ್ಮ!" ನಲವತ್ತು ಜನ ನಕ್ಕರು. ನಾನೂ ನಗೋ ಇಮೋಜಿ ಹಾಕಿದೆ.

ಈ ಮುಂಗಾರಿಗೆ ಅಜ್ಜಿ, ಪಕ್ಕದ ಮನೆಯವರೆಲ್ಲ ಜಗುಲೀಲಿ ಕೂತು ಬಿತ್ತನೆಗೆ ಕಾಯಿ ಒಡೆದರು. ಆಗ ಆ ಹದಿಮೂರನ್ನ ಅಜ್ಜಿ ಗೊತ್ತಿಲ್ಲದೆ ಮೊರಕ್ಕೆ ಬೆರೆಸಿಬಿಟ್ಟಳು. ಆ ಮೊರದ ಬೀಜವೆಲ್ಲ ಬೇಲಿ ಪಕ್ಕದ ಹತ್ತು ಸಾಲಿಗೆ ಬಿದ್ದವು. ಈಗ ನೀವು ಹೇಳ್ತೀರಿ, ಈ ವರ್ಷದ ಗಿಡವೇ ಆ ಮಗು, ಅದರ ಕಾಯಲ್ಲಿ ಕೆಂಪು ಕಾಣುತ್ತೆ, ಮೂರು ಬೀಜದ್ದು ಮಾತ್ರ ಹೇಳಕ್ಕಾಗಲ್ಲ ಅಂತ! ಯಾಕಕ್ಕಾ, ಬಣ್ಣಕ್ಕೊಂದು ಲೆಕ್ಕ, ಕಾಯಿಗೊಂದು ಲೆಕ್ಕ?

ಗಿಡ ಕಿತ್ತು ಸಾಲಲ್ಲೇ ಒಣಗಕ್ಕೆ ಬಿಟ್ಟಿದೀವಿ, ಸೋಮವಾರ ಕಾಯಿ ಬಿಡಿಸೋ ಮಿಷಿನ್ ಬರುತ್ತೆ. ಅದರೊಳಗೆ ಹೋದರೆ ಎಲ್ಲಾ ಒಂದೇ ರಾಶಿ. ಒಂದೊಂದು ಗಿಡದ್ದೂ ಒಂದೊಂದು ಕಾಯಿ ಒಡೆದು ನೋಡ್ತೀನಿ ಅಂದೆ. "ಹತ್ತು ಸಾಲೂ ಒಡಿತೀಯೇನಮ್ಮಿ? ಮಿಷಿನ್ನೋನು ನಿನ್ಗೆ ಕಾಯ್ಕಂಡು ಕುಂತಿರ್ತಾನಾ?" ಅಂದ ಅಪ್ಪ. ಆಮೇಲೆ, ಮೊರ ಅಜ್ಜಿ ಕೈಲಿತ್ತಲ್ಲ ಅಂತ ಅವಳ ಕಡೆ ತಿರುಗಿ, "ನೋಡ್ಕಂಡು ಬೆರೆಸ್ಬಾರ್ದಾ?" ಅಂತ ಬೈದ. ಅಜ್ಜಿ ಇವತ್ತು ಬೆಳಿಗ್ಗೆಯಿಂದ ಸಾಲಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಎರಡು ಸಾಲು ಮುಗೀತು. ಕೆಂಪು ಒಂದೂ ಸಿಕ್ಕಿಲ್ಲ.

ನಿಮ್ಮ ಅಭಿಮಾನಿ,
ಗಂಗಾಲಕ್ಷ್ಮಿ

ಮರೆತದ್ದು: ಮರೆತದ್ದಲ್ಲ ಅಕ್ಕಾ, ಬಚ್ಚಿಟ್ಟದ್ದು. ಬೆರೆಸಿದ್ದು ಅಜ್ಜಿ ಅಲ್ಲ, ನಾನು. ಗ್ರೂಪಲ್ಲಿ ನಕ್ಕಿದ್ದು ನೆನಪಾಗಿ ಸಿಟ್ಟು ಬಂದು, ಬೀಜದ ಪೊಟ್ಟಣದ ದಾರ ಕಿತ್ತು, ಬೀಜ ಮೊರಕ್ಕೆ ಎಸೆದೆ. ಪಕ್ಕದಲ್ಲೇ ಕೂತಿದ್ದ ಅಜ್ಜಿ ನೋಡಿದ್ದಳು. ಆದರೂ ಅಪ್ಪ ಬೈದಾಗ ನನ್ನ ಮುಖ ಒಂದು ಸಲ ನೋಡಿ, "ಊಂ ಕಣಪ್ಪ, ಕಣ್ಣು ಮಂಜು, ನಾನೇ ಬೆರೆಸ್ಬುಟ್ಟೆ" ಅಂದಳು. ಈ ಕಾಗದ ಅಂಚೆ ಡಬ್ಬಿಗೆ ಹಾಕಿ ನಾನೂ ಮೂರನೇ ಸಾಲಿಗೆ ಹೋಗ್ತೀನಿ. ಕೆಂಪು ಸಿಕ್ಕಿದ ಮೇಲೆ ನಿಜ ಹೇಳೋದು ಸುಲಭ. ಸಿಗೋಕೆ ಮೊದಲೇ ಹೇಳೋ ಧೈರ್ಯ, ನನ್ನ ಜಾಗದಲ್ಲಿದ್ದಿದ್ದರೆ ನಿಮಗೆ ಇರ್ತಿತ್ತಾ ಅಕ್ಕಾ?