ಸುಸ್ತಾಗದ ಸೆನಾ ಅಜ್ಜಿ

ನವೆಂಬರ್ 20, ಬುಧವಾರ. ಕ್ವಾಲಾ ತೆರೆಂಗಾನು

ಸೆನಾ ಅಜ್ಜಿಗೆ ಸುಸ್ತಾಯಿತು ಎಂದು ಯಾಕಾದರೂ ಹೇಳಿದೆನೋ.

ಅಮ್ಮ ಕುರಾನಿನ ಯಾಸೀನ್ ಅಧ್ಯಾಯ ಓದಿ ಊದಿದ ನೀರು ಕುಡಿದು ತಂಗಿ ಇರ್ದಿನಾ ಬೆಳಿಗ್ಗೆ ಭೌತಶಾಸ್ತ್ರದ ಪರೀಕ್ಷೆಗೆ ಹೋಗಿದ್ದಳು. ಬಂದವಳೇ, "ಅಕ್ಕಾ, ವಿಕಿರಣದ ಲೆಕ್ಕ ಸುಲಭ ಇತ್ತು. ನಿನ್ನ ಸೆನಾ ಅಜ್ಜೀನೂ ಬಂದಿದ್ಲು ಕಣೇ," ಅಂದಳು.

ಕಳೆದ ವಾರ ವಿದ್ಯುತ್ ಪಾಠ ತಲೆಗೆ ಹತ್ತದೆ ಅವಳು ಅಳುವಾಗ ನಾನು ಹೊಸೆದ ಕಥೆ ಅದು. ನಮ್ಮ ಬೀದಿಯಲ್ಲಿ ತಿಂಡಿ ಮಾರುವ ಸೆನಾ ಅಜ್ಜಿಯೇ ವಿದ್ಯುತ್ ಪ್ರವಾಹ, ಬುಟ್ಟಿಯ ತಿಂಡಿ ಶಕ್ತಿ, ಮನೆಗಳು ಬಲ್ಬು. ಮನೆಮನೆಗೂ ತಿಂಡಿ ಕೊಟ್ಟು ಸುತ್ತಿ ಬರುತ್ತಾಳೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಸಾಹಿತ್ಯ ಓದಿದ ನಾಲಿಗೆ, ಬುಟ್ಟಿ ಬರಿದಾದ ಅಜ್ಜಿ ಸುಸ್ತಾಗಿ ನಿಧಾನ ನಡೆದಳು ಎಂದು ಸೇರಿಸಿತು.

"ಎರಡನೇ ಬಲ್ಬು ದಾಟಿದ್ಮೇಲೆ ಕರೆಂಟ್ ಕಮ್ಮಿ ಆಗುತ್ತೆ ಅಂತ ಬರ್ದೆ. ಕಾರಣಾನೂ ಬರ್ದೆ."

"ಅಜ್ಜಿ ಹೆಸರು ಬರ್ದಿಲ್ಲ ತಾನೇ?" ಅಮ್ಮ ನಕ್ಕಳು.

ಸಾಲಾಗಿ ಜೋಡಿಸಿದ ಬಲ್ಬುಗಳಲ್ಲಿ ಪ್ರವಾಹ ಎಲ್ಲೂ ಕಮ್ಮಿಯಾಗುವುದಿಲ್ಲ. ಅಜ್ಜಿಯೂ ಅಷ್ಟೇ. ಖಾಲಿ ಬುಟ್ಟಿ ಹೊತ್ತು, ಬಂದಷ್ಟೇ ಬಿರುಸಾಗಿ ವಾಪಸು ಹೋಗುವುದನ್ನು ದಿನವೂ ಕಿಟಕಿಯಿಂದ ನೋಡುತ್ತೇನೆ. ನೋಡಿದ್ದನ್ನೇ ಹೇಳಿದ್ದರೆ ಸಾಕಿತ್ತು.

ಎಂಜಿನಿಯರಿಂಗ್ ಓದಲು ಅವಳಿಗೆ ಈ ಅಂಕಗಳೇ ಬೇಕು. ತಪ್ಪಾಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಳೆ ರಸಾಯನಶಾಸ್ತ್ರ ಬೇರೆ ಇದೆ.

"ಇದಕ್ಕೂ ಒಂದು ಕಥೆ ಹೇಳೇ," ಅಂದಳು. ಪುಸ್ತಕದಲ್ಲಿದ್ದುದನ್ನೇ ಓದಿಸಿದೆ.

"ಏನಾಯ್ತು ನಿಂಗಿವತ್ತು? ಸುಸ್ತಾ?"

ಹೂಂ ಅಂದೆ.