ಹದಿನೇಳನೇ ಕಾರ್ಡಿನ ಮುಯ್ಯಾಳು

ಹರವೆ
18 ಸೆಪ್ಟೆಂಬರ್ 2024, ಬುಧವಾರ

ನನ್ನ ರಂಜುಗೆ ಅವ್ವನ ಆಶೀರ್ವಾದ.

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಮೂವತ್ತೊಂದು ವರ್ಷ ಅಂಗನವಾಡಿಯ ರಿಜಿಸ್ಟರ್ ಬರೆದ ಕೈಗೆ ಗುಂಡಗೆ ಬರೆಯುವುದು ಬಿಟ್ಟರೆ ಬೇರೆ ಬರುವುದಿಲ್ಲ. ಹರಿದು ಹಾಕಬೇಡ. ಪೂರಾ ಓದಿ ಆಮೇಲೆ ಹರಿದರೆ ನನ್ನದೇನೂ ತಕರಾರಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಎರಡು ವರ್ಷದಿಂದ ನಾನು ಫೋನ್ ಮಾಡಿದಾಗೆಲ್ಲ ನೀನು ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜ್ ಕಳಿಸುತ್ತೀಯ. ಯುಗಾದಿ ಹಬ್ಬದ ದಿನವೂ ಮೀಟಿಂಗ್ ಇತ್ತು. ಇರಲಿ, ಚುಚ್ಚಬೇಕೆಂದು ಬರೆಯುತ್ತಿಲ್ಲ. ಚುಚ್ಚುವುದು ನಿನ್ನ ಕಸುಬು.

ಮೊನ್ನೆ ಸೋಮವಾರ ನಿಮ್ಮ ಸೂಜಿ ಪರೀಕ್ಷೆಯ ಸೋಮಶೇಖರ್ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ ಅವನು ಹೇಳಿದ ಮಾತು ಕೇಳಿ ನನಗೆ ಮೂರು ದಿನದಿಂದ ಊಟ ಸೇರುತ್ತಿಲ್ಲ. "ಟೀಚರಮ್ಮ, ಈ ಶನಿವಾರ ಲೆಕ್ಕಕ್ಕ ಬೀಗ ಹಾಕ್ತೀವಿ. ಆಮೇಲ ಒಂದಂಕಿನೂ ತಿದ್ದಂಗಿಲ್ಲ. ಸೋಮವಾರ ಲಕೋಟೆ ಒಡೀತೀವಿ. ಯಾರ್ಗ ನಿಜದ ಸೂಜಿ, ಯಾರ್ಗ ಸುಳ್ಳು ಸೂಜಿ ಅಂತ ಅವತ್ತೇ ಗೊತ್ತಾಯ್ತದ" ಎಂದ. ಅಷ್ಟಾದರೆ ಪರವಾಗಿರಲಿಲ್ಲ. "ಮೇಡಂ ಹದಿನೇಳನೇ ಕಾರ್ಡ್ ನೋಡಿ ಕಣ್ಣಲ್ಲಿ ನೀರ್ ತಕ್ಕಂಡ್ಬುಟ್ರು. ಎಂಟಿದ್ದ ನೋವು ಎರಡಕ್ಕ ಇಳ್ದದ. ಇಂಥೋರ್‌ಗಾಗೇ ನಾನು ಈ ಕೆಲ್ಸ ಮಾಡ್ದಿ ಅಂದ್ರು. ಗುರುಸಿದ್ದಮ್ಮನ್ನ ಸೋಮವಾರ ಕರ್ಕಂಡ್ ಬನ್ನಿ, ಎಲ್ಲರ್ ಮುಂದ ನಾಕ್ ಮಾತಾಡ್ಲಿ" ಎಂದು ಹೇಳಿ ಹೋದ.

ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿಯಿತು. ನಾನು ನೋಡುತ್ತಾ ನಿಂತಿದ್ದೆ.

ಮೊದಲಿನಿಂದ ಹೇಳುತ್ತೇನೆ. ಮೇ ತಿಂಗಳಲ್ಲಿ ಇದೇ ಸೋಮಶೇಖರ್ ಊರಿಗೆ ಬಂದು, ಅಕ್ಯುಪಂಕ್ಚರ್ ಸೂಜಿಯಿಂದ ಮಂಡಿನೋವು ನಿಜವಾಗಿ ಕಮ್ಮಿಯಾಗುತ್ತದೋ ಇಲ್ಲವೋ ಎಂದು ಗುಂಡ್ಲುಪೇಟೆಯಲ್ಲಿ ಪರೀಕ್ಷೆ ನಡೆಯುತ್ತದೆ, ಹೆಂಗಸರನ್ನು ಒಟ್ಟುಮಾಡಿ ಕರೆತರುವವರು ಬೇಕು ಎಂದಾಗ ನಾನೇ ಮುಂದೆ ಬಂದೆ. ಡಾಕ್ಟರ್ ಶಿವರಂಜನಿ ನನ್ನ ಮಗಳೆಂದು ಅವನಿಗೆ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಿನ್ನನ್ನು ಕೇಳಿದನಂತೆ. ಊರಲ್ಲಿ ಅವರ ಮಾತು ನಡೆಯುತ್ತೆ, ಅವರೇ ಕರೆದುಕೊಂಡು ಬರಲಿ ಅಂದೆಯಂತೆ. ಅವರು! ನನಗೆ ನಗುವೂ ಬಂತು, ಅಳುವೂ ಬಂತು. ಬೇಡ ಅನ್ನಲಿಲ್ಲವಲ್ಲ, ಅಷ್ಟೇ ಸಾಕು ಅಂದುಕೊಂಡೆ.

ಅರವತ್ತು ಹೆಂಗಸರಲ್ಲಿ ಹದಿನಾಲ್ಕು ಜನ ನಮ್ಮ ಹರವೆಯವರು. ಆರು ವಾರ, ಸೋಮವಾರ ಮತ್ತು ಗುರುವಾರ, ಬಸ್ಸು ಹತ್ತಿಸಿ ಕರೆತರುವುದು ನನ್ನ ಕೆಲಸ. ಮೊದಲ ದಿನವೇ ಸೋಮಶೇಖರ್ ಎಲ್ಲವನ್ನೂ ಬಿಡಿಸಿ ಹೇಳಿದ. ಅರ್ಧ ಜನಕ್ಕೆ ಚರ್ಮದೊಳಗೆ ಇಳಿಯುವ ನಿಜವಾದ ಸೂಜಿ, ಇನ್ನರ್ಧ ಜನಕ್ಕೆ ಮೊಂಡು ತುದಿಯ ಸೂಜಿ. ಅದು ತಾಗಿದ ಹಾಗೆ ಆಗುತ್ತದೆ, ಒತ್ತಿದರೆ ತನ್ನ ಹಿಡಿಯೊಳಗೇ ಸರಿದುಕೊಳ್ಳುತ್ತದೆ. ಯಾರಿಗೆ ಯಾವುದೆಂದು ಸೂಜಿ ಹಾಕುವ ಡಾಕ್ಟರಿಗೆ ಮಾತ್ರ ಗೊತ್ತು. ಸೋಮವಾರ ವಯನಾಡಿನ ಡಾಕ್ಟರಮ್ಮ, ಗುರುವಾರ ಮೈಸೂರಿನಿಂದ ಬರುವ ಡಾಕ್ಟರು. ನೋವಿನ ಅಂಕಿ ಕೇಳಿ ಬರೆದುಕೊಳ್ಳುವವಳು ಮೀನಾ, ಅದೂ ಸೋಮವಾರ ಮಾತ್ರ. ಲೆಕ್ಕ ನೋಡುವ ನೀನು ಯಾರ ಮುಖವನ್ನೂ ನೋಡಬಾರದೆಂದು ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೆ. ನಾನು ಹೊರಗೆ ಬೇವಿನ ಮರದ ಕೆಳಗೆ ಚೀಲ ಇಟ್ಟುಕೊಂಡು ಕೂತಿರುತ್ತಿದ್ದೆ.

ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಮೀನಾ ಕೇಳಿದಾಗ, ಹದಿನೇಳನೇ ನಂಬರಿನ ಕಾರ್ಡು ಸಿಕ್ಕಿದ್ದ ಗುರುಸಿದ್ದಮ್ಮ, "ನನ್ ನೋವ್ಗ ನಾನೇ ಮಾರ್ಕ್ಸ್ ಹಾಕ್ಬೇಕಾ ಮಗ?" ಎಂದು ಎಲ್ಲರನ್ನೂ ನಗಿಸಿದಳು. ಆಮೇಲೆ ಎಂಟು ಎಂದಳು. ಆ ಎಂಟು ನಿಜ. ಅವಳು ಮೆಟ್ಟಿಲು ಇಳಿಯುವಾಗ ಸೆರಗು ಕಚ್ಚಿಕೊಂಡು ಇಳಿಯುವುದನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೇನೆ.

ಈಗ ಹೇಳಬೇಕಾದ್ದು. ರಂಜು, ಹದಿನೇಳನೇ ಕಾರ್ಡಿನ ಹನ್ನೆರಡು ಸರದಿಯಲ್ಲಿ ಗುರುಸಿದ್ದಮ್ಮ ಬಂದದ್ದು ಆರಕ್ಕೆ ಮಾತ್ರ.

ಸೋಮವಾರ ನಮ್ಮ ಕಡೆ ಎತ್ತು ಕಟ್ಟುವುದಿಲ್ಲ ಎಂಬುದು ನಿನಗೆ ಗೊತ್ತು. ಎತ್ತಿಗೂ ಬಿಡುವು, ಅವಳಿಗೂ ಬಿಡುವು. ಗುರುವಾರ ಹಾಗಲ್ಲ. ಗುರುವಾರ ಚೆಂಡುಹೂವಿನ ಲಾರಿ ಬರುತ್ತದೆ. ಕೊಯ್ಲಿನ ದಿನ ಬಿಟ್ಟರೆ ಹೂವು ಗಿಡದಲ್ಲೇ ಬಾಡುತ್ತದೆ. ಮೊದಲನೇ ಗುರುವಾರ ಬಸ್ ಸ್ಟಾಪಿಗೆ ಬಂದವಳು ಕಾರ್ಡನ್ನು ಇನ್ನೊಬ್ಬ ಹೆಂಗಸಿನ ಕೈಗೆ ಕೊಟ್ಟು, ನನ್ನ ಬದಲಿಗೆ ನೀನು ಹೋಗು ಎಂದು ಹೊಲಕ್ಕೆ ನಡೆದುಬಿಟ್ಟಳು. ಆರು ಗುರುವಾರವೂ ಆ ಇನ್ನೊಬ್ಬಳೇ ಬಂದಳು. ಗುರುವಾರದ ಡಾಕ್ಟರಿಗೆ ಹದಿನೇಳು ಅಂದರೆ ಅವಳೇ. ಸೋಮವಾರದ ಡಾಕ್ಟರಮ್ಮನಿಗೆ ಹದಿನೇಳು ಅಂದರೆ ಗುರುಸಿದ್ದಮ್ಮ. ಅಲ್ಲಿ ಹೆಸರು ಯಾರೂ ಕೇಳುತ್ತಿರಲಿಲ್ಲ, ಕಾರ್ಡು ತೋರಿಸಿದರೆ ಮುಗಿಯಿತು. ಗುರುವಾರ ಸೋಮಶೇಖರನೂ ಇರುತ್ತಿರಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ನೀನು ಈಗ ಹಲ್ಲು ಕಡಿಯುತ್ತಿರುತ್ತೀಯ. ಆದರೆ ಅವಳಿಗೆ ಇದು ಮೋಸ ಎನ್ನುವುದು ತೋಚಲೇ ಇಲ್ಲ ಕಣೆ. ಇದು ಮುಯ್ಯಾಳು. ಈವತ್ತು ನಮ್ಮ ಹೊಲಕ್ಕೆ ನೀನು ಬಾ, ನಾಳೆ ನಿಮ್ಮ ಹೊಲಕ್ಕೆ ನಾನು ಬರುತ್ತೇನೆ, ನನಗೆ ಆಗದಿದ್ದರೆ ನನ್ನ ಬದಲು ಒಬ್ಬರನ್ನು ಕಳಿಸುತ್ತೇನೆ. ಆಳು ಬಂದರೆ ಮಾತು ಉಳಿಯಿತು. ನಿನ್ನೆ ಕೇಳಿದಾಗ ಅವಳು ನನಗೇ ತಿರುಗಿ ಹೇಳಿದಳು: "ಬತ್ತೀನಿ ಅಂತ ರುಜು ಹಾಕಿವ್ನಿ. ಓಗ್ನಿಲ್ಲ ಅಂದ್ರ ಮಾತ್ ತಪ್ಪಿದಂಗಾಯ್ತದ. ಅದ್ಕೇ ಆಳ್ ಕಳುಸ್ದಿ. ನಿನ್ ಮಗಳ್ ಒಂದ್ ಸೂಜಿನೂ ದಂಡ ಮಾಡ್ನಿಲ್ಲ ಕನ ಟೀಚರಮ್ಮ."

ಕಡೆಯ ದಿನ ಹೇಳಿದ ಎರಡು ಎಂಬ ಅಂಕಿಯೂ ನಿಜವಲ್ಲವಂತೆ. ಐದಿತ್ತಂತೆ. "ಊಟಕ್ಕ ಕರ್ದೋರ್ ಮನೇಲಿ ಕೂತ್ಕಂಡು ಉಪ್ಪು ಕಮ್ಮಿ ಅಂತ ಅಂದಾರ? ಆ ಮಗ ಅಷ್ಟ್ ಕಷ್ಟ ಬಿದ್ದದ, ಬಾಯ್ ತುಂಬ ಎರಡು ಅಂದಿ" ಎಂದಳು. ಎಂಟು ಐದಾದದ್ದು ನಿಜವೇ. ಐದು ಎರಡಾದದ್ದು ಮರ್ಯಾದೆಗೆ.

ನಿನ್ನೆ ಇಡೀ ದಿನ ಉಳಿದ ಹದಿಮೂರು ಮನೆಗೂ ಹೋದೆ. ಇನ್ನೂ ಮೂವರು ಆಳು ಕಳಿಸಿದ್ದಾರೆ. ಚಿಕ್ಕಮಲ್ಲಮ್ಮ ಎರಡು ಸಲ ಸೊಸೆಯನ್ನು ಕಳಿಸಿದ್ದಾಳೆ. ಆ ಹುಡುಗಿಗೆ ಇಪ್ಪತ್ತೈದು ವರ್ಷ, ಕಲ್ಲಿನಂಥ ಮಂಡಿ. ಅತ್ತೆ ಹೇಳಿದರೆಂದು ಮಲಗಿ ಸೂಜಿ ಹಾಕಿಸಿಕೊಂಡು ಬಂದಿದ್ದಾಳೆ. ಯಾರು, ಯಾವ ದಿನ, ಯಾರ ಬದಲು, ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಯಾರೂ ಮುಚ್ಚಿಡಲಿಲ್ಲ. ಕೇಳಿದ್ದಕ್ಕೆ ನಗುನಗುತ್ತಾ ಹೇಳಿದರು. ಅವರ ಮೇಲೆ ಸಿಟ್ಟಾಗಬೇಡ. ಬಿಡಿಸಿ ಹೇಳುವಾಗ ಬದಲಿ ಆಳು ಕಳಿಸಬಾರದು ಎಂದು ನೀವು ಯಾರೂ ಹೇಳಿರಲಿಲ್ಲ. ಓದಿದವರಿಗೆ ಅದು ಹೇಳಬೇಕಾದ ಮಾತು ಅನ್ನಿಸಿರಲಿಕ್ಕಿಲ್ಲ.

ಸಿಟ್ಟಾಗಬೇಕಾದ್ದು ನನ್ನ ಮೇಲೆ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದೇ ಮುಖ, ಅದೇ ಮಂಡಿ ಬರಬೇಕು ಎಂದು ಮೊದಲನೇ ಗುರುವಾರವೇ ಗೊತ್ತಿತ್ತು. ಹೇಳಿದರೆ ಹದಿನೇಳನ್ನು ತೆಗೆದುಹಾಕುತ್ತಾರೆ, ಮಗಳ ಕೆಲಸ ಕೆಡುತ್ತದೆ, ಕೆಡಿಸಿದವಳು ನಾನೇ ಆಗುತ್ತೇನೆ ಎಂದು ಸುಮ್ಮನಾದೆ. ಸುಮ್ಮನಿರುವುದು ನನಗೆ ಅಭ್ಯಾಸವಲ್ಲವೆ?

ಅಪ್ಪನ ವಿಷಯ ಬರೆಯಬಾರದೆಂದು ಶುರುಮಾಡಿದ್ದೆ. ಬರೆಯದೆ ಈ ಕಾಗದ ಮುಗಿಯುವುದಿಲ್ಲ. ಕರಿಕಲ್ಲಿನ ಲಾರಿ ಓಡಿಸಿ ಓಡಿಸಿ ಅವರ ಸೊಂಟ ಬಿದ್ದುಹೋಗಿತ್ತು. ಸಂತೆಮರಹಳ್ಳಿಯ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತರುತ್ತಿದ್ದರು. ಬೆಳಗ್ಗೆ ಒಂದು, ಸಂಜೆ ಒಂದು, ಒಂಬತ್ತು ವರ್ಷ. ತಟ್ಟೆಯ ಪಕ್ಕ ನೀರಿನ ಜೊತೆ ಇಟ್ಟವಳು ನಾನು. ಕಾಲು ಊದಿಕೊಂಡಾಗ ನಿನಗೆ ಹೇಳೋಣ ಎಂದೆ. "ಓದೋ ಮಗೀಗ ಯಾಕ್ ಹೇಳ್ದಯಿ, ಬುಡು" ಅಂದರು. ಬಿಟ್ಟೆ. ನೀನು ಬರುವ ಹೊತ್ತಿಗೆ ಕಿಡ್ನಿ ಎರಡೂ ಹೋಗಿದ್ದವು. ಅವರ ಗದ್ದುಗೆಗೆ ವಿಭೂತಿ ಇಟ್ಟು ಬಂದ ದಿನ, ನೆಂಟರೆಲ್ಲ ಇದ್ದಾಗ, ಮಾತ್ರೆ ಕೊಟ್ಟವಳೂ ನೀನೇ, ಮುಚ್ಚಿಟ್ಟವಳೂ ನೀನೇ ಎಂದು ನನಗೆ ಅಂದೆ. ನೀನು ಅಂದದ್ದು ಸರಿ. ಸರಿಯಾದ ಮಾತನ್ನು ಎಷ್ಟು ಜನರ ಮುಂದೆ ಹೇಳಬೇಕು ಅನ್ನುವುದೊಂದು ನಿನಗೆ ತಿಳಿಯಲಿಲ್ಲ, ಅಷ್ಟೆ.

ಮಾತ್ರೆಯಿಲ್ಲದೆ ನೋವು ಕಮ್ಮಿಯಾಗುವ ದಾರಿ ಇದೆಯೋ ಇಲ್ಲವೋ ನೋಡೇಬಿಡುತ್ತೇನೆ ಎಂದು ನೀನು ಈ ಕೆಲಸಕ್ಕೆ ಬಿದ್ದದ್ದು ಯಾರಿಗಾಗಿ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನಿನ್ನ ಲೆಕ್ಕ ನಂಬಿ ಯಾರೋ ಒಬ್ಬ ಲಾರಿ ಡ್ರೈವರನ ಹೆಂಡತಿ ಗಂಡನನ್ನು ಸೂಜಿ ಹಾಕಿಸಲು ಕರೆತರುತ್ತಾಳೆ. ಅವಳ ಮುಂದೆ ನಮ್ಮ ಸುಳ್ಳು ಅಂಕಿ ಇರಬಾರದು. ಸೂಜಿಯಿಂದ ಗುಣವಾಗುತ್ತದೆ ಎಂದು ಬಂದರೆ ಹಾಗೇ ಹೇಳು, ಆಗುವುದಿಲ್ಲ ಎಂದು ಬಂದರೆ ಹಾಗೂ ಹೇಳು. ಗೊತ್ತಾಗಲಿಲ್ಲ ಎಂದು ಬಂದರೆ ಅದನ್ನೂ ಹೇಳು. ಅಪ್ಪನ ವಿಷಯದಲ್ಲಿ ಮುಚ್ಚಿಟ್ಟು ಕೆಟ್ಟೆ. ಎರಡನೇ ಸಲ ಮುಚ್ಚಿಡುವುದಿಲ್ಲ.

ನಾಲ್ಕು ಕಾರ್ಡು ಹೋದರೆ ನಿನ್ನ ಲೆಕ್ಕ ಎಷ್ಟು ಕುಸಿಯುತ್ತದೋ ನನಗೆ ತಿಳಿಯದು. ಪೂರಾ ಕೆಲಸವೇ ಬಿದ್ದುಹೋದರೂ ಬೀಳಬಹುದು. ಇನ್ನೊಂದು ವರ್ಷ ಹಿಡಿಯಬಹುದು. ಬಿದ್ದರೆ ಮತ್ತೆ ಹೆಂಗಸರನ್ನು ಒಟ್ಟುಮಾಡಿ ಕೊಡುತ್ತೇನೆ, ಈ ಸಲ ಮುಯ್ಯಾಳು ಇಲ್ಲ ಎಂದು ಬಸ್ ಸ್ಟಾಪಿನಲ್ಲಿ ನಿಂತು ಡಂಗುರ ಹೊಡೆಯುತ್ತೇನೆ. ನನ್ನನ್ನು ಬೇಡ ಅಂದರೆ ಬೇರೆ ಯಾರನ್ನಾದರೂ ಗೊತ್ತುಮಾಡಿಕೋ. ಗುರುಸಿದ್ದಮ್ಮನನ್ನು ಸೋಮವಾರ ಕರೆತರುವುದಿಲ್ಲ. ಅವಳನ್ನು ಜನರ ಮುಂದೆ ನಿಲ್ಲಿಸಬೇಡ. ಮಾತು ಉಳಿಸಿಕೊಂಡೆ ಎಂದು ನಂಬಿರುವ ಹೆಂಗಸು ಅವಳು.

ಅಂಚೆಗೆ ಹಾಕಿದರೆ ಶನಿವಾರ ದಾಟಬಹುದು ಎಂದು ಸೋಮಶೇಖರನ ಕೈಯಲ್ಲೇ ಕಳಿಸುತ್ತಿದ್ದೇನೆ. ಅನ್ನದ ಅಗುಳು ಹಚ್ಚಿ ಅಂಟಿಸಿದ್ದೇನೆ, ಅವನು ಬಿಚ್ಚುವವನಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಸೊರಗಿದ್ದೀಯ.

ನಿನ್ನ ಅವ್ವ,
ಶಾಂತಮಲ್ಲಮ್ಮ

ಬರೆಯದೆ ಉಳಿದದ್ದು: ಹಾಳೆಯಲ್ಲಿ ಹದಿನೇಳರ ಎದುರಿಗೆ ಗುರುವಾರದ ಆಳಿನ ಹೆಸರು ಬರೆದಿಲ್ಲ, ನೋಡಿರುತ್ತೀಯ. ಬೇವಿನ ಮರದ ಕೆಳಗೆ ಕೂತಿರುತ್ತಿದ್ದೆ ಅಂದೆನಲ್ಲ, ಅದು ಸೋಮವಾರದ ಮಾತು. ಕಾರ್ಡು ಹಿಡಿದು ಒಳಗೆ ಬಂದವಳು ನಾನೇ. ಮೊದಲನೇ ಗುರುವಾರ ಅವಳ ಮಾತು ಉಳಿಸಲು ಬಂದೆ. ಮಂಚದ ಮೇಲೆ ಮಲಗಿದಾಗ ಹಸಿರು ಪರದೆಯ ಆಚೆ ನೀನು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದೆ. ಎರಡು ವರ್ಷದ ಮೇಲೆ ನಿನ್ನ ದನಿ ಕೇಳಿದೆ. ನಡುವೆ ಒಂದು ಸಲ ನೀನು ನಕ್ಕೆ. ಆಮೇಲಿನ ಐದು ಗುರುವಾರ ಆ ಅರ್ಧ ಗಂಟೆಗಾಗಿ ಬಂದೆ. ಸೂಜಿ ನಿಜವೋ ಸುಳ್ಳೋ ನನಗೆ ತಿಳಿಯಲಿಲ್ಲ, ಲಕೋಟೆಯಲ್ಲಿ ಇರುತ್ತದೆ. ನನ್ನ ಅಂಕಿ ಯಾರೂ ಕೇಳಲಿಲ್ಲ, ಕಾರ್ಡು ನನ್ನದಲ್ಲವಲ್ಲ. ನೀನು ಲೆಕ್ಕಕ್ಕೆ ಹಿಡಿಯಬೇಡ, ಬರಿದೆ ಓದಿಕೋ: ಮೊದಲನೇ ಗುರುವಾರ ನನ್ನ ಮಂಡಿನೋವು ಏಳಿತ್ತು. ಆರನೇ ಗುರುವಾರ ಎರಡು. ಅಲ್ಲಿಗೆ ಬರುವುದು ನಿಂತು ಏಳು ವಾರವಾಯಿತು. ಈವತ್ತು ಮತ್ತೆ ಏಳು.