‘ಯೂ’ ಎಂದರೆ ಎಷ್ಟು ಜನ?

ಮೇಲ್ಮನವಿ ನ್ಯಾಯಪೀಠದ ಮೂವರು ಮಾನ್ಯರೇ,

ಒಂದೇ ಬಿರುಗಾಳಿಗೆ ಸೂರು ಕಳೆದುಕೊಂಡ ನಮ್ಮ ಬೀದಿಯವರು ಪರಿಹಾರ ಕೊಡದ ಒಂದೇ ವಿಮಾ ಸಂಸ್ಥೆಯ ಮೇಲೆ ಒಂದಾಗಿ ದಾವೆ ಹೂಡುವಂತಿಲ್ಲ ಎಂದು ಕಳೆದ ವಾರ ತೀರ್ಪಿತ್ತಿದ್ದೀರಿ. ಕೆಳ ನ್ಯಾಯಾಲಯ ಕೊಟ್ಟಿದ್ದ ಸಾಮೂಹಿಕ ದಾವೆಯ ಅನುಮತಿಯನ್ನು ರದ್ದುಪಡಿಸಿ, ಒಬ್ಬೊಬ್ಬರೂ ಪ್ರತ್ಯೇಕವಾಗಿ ನ್ಯೂಯಾರ್ಕಿಗೆ ಹೋಗಿ, ಮುಚ್ಚಿದ ಕೋಣೆಯಲ್ಲಿ ಮಧ್ಯಸ್ಥಗಾರನೆದುರು ಅಹವಾಲು ಹೇಳಿಕೊಳ್ಳಲಿ ಎಂದಿದ್ದೀರಿ. ಕಾರಣ? ವಿಮೆಯ ಕರಾರಿನಲ್ಲಿ ‘ಯೂ’ ಎಂದಿದೆ, ಅದು ಏಕವಚನವಂತೆ.

ನಾನು ಕನ್ನಡ ಶಾಲೆಯಲ್ಲಿ ಓದಿದವಳು. ಅಮೆರಿಕದ ದಕ್ಷಿಣದ ಕೊಲ್ಲಿಯ ದಂಡೆಯ ಈ ಊರಿನ ಮಕ್ಕಳಿಗೆ ಮೂರು ದಶಕ ಇಂಗ್ಲಿಷ್ ವ್ಯಾಕರಣ ಕಲಿಸಿದವಳು. ನನ್ನ ತಾಯ್ನುಡಿಯಲ್ಲಿ ‘ನೀನು’ ಬೇರೆ, ‘ನೀವು’ ಬೇರೆ. ಇಂಗ್ಲಿಷಿಗೆ ಆ ಭಾಗ್ಯವಿಲ್ಲ. ಒಬ್ಬನಿಗೂ ಅದೇ ‘ಯೂ’, ಊರಿಗೂ ಅದೇ ‘ಯೂ’. ಆ ಕೊರತೆ ತುಂಬಲೆಂದೇ ಇಲ್ಲಿಯ ಜನ ‘ಯೂ’ಗೆ ‘ಆಲ್’ ಬೆಸೆದು ‘ಯಾಲ್’ ಎಂಬ ತಮ್ಮದೇ ಬಹುವಚನವನ್ನು ಕಟ್ಟಿಕೊಂಡಿದ್ದಾರೆ. ಎರಡರ್ಥದ ಪದ ಸಿಕ್ಕಾಗ, ಕರಾರು ಬರೆದವನಿಗೆ ಅನುಕೂಲವಾದ ಅರ್ಥವನ್ನೇ ಆರಿಸಿಕೊಳ್ಳುವುದು ಯಾವ ವ್ಯಾಕರಣ? ಯಾವ ನ್ಯಾಯ?

ದಾವೆಗೆ ಬೀದಿಯವರ ಹೆಸರು ಪಟ್ಟಿ ಮಾಡಿದವಳು ನಾನು; ತೀರ್ಪನ್ನು ನೆರೆಮನೆಯ ಓಡೀಲ್ ಗಿಡ್ರಿಯವರಿಗೆ ಓದಿ ಹೇಳಿದವಳೂ ನಾನೇ. ಎಂಬತ್ತರ ಹೊಸ್ತಿಲಲ್ಲಿರುವ ಆಕೆ ಆಕ್ಸಿಜನ್ ಯಂತ್ರದ ನಳಿಕೆ ಮೂಗಿಗಿಟ್ಟುಕೊಂಡು, ನೀಲಿ ಟಾರ್ಪಾಲಿನ ಕೆಳಗೆ, ಸೋರದೆ ಉಳಿದ ಒಂದೇ ಕೋಣೆಯಲ್ಲಿ ದಿನ ದೂಡುತ್ತಿದ್ದಾರೆ. ಪಕ್ಕದಲ್ಲಿ ಆಕೆಯ ತಮ್ಮ ಆಲ್ಸೀಡ್ ಬೆಂಡೆಕಾಯಿ ಹೆಚ್ಚುತ್ತಿದ್ದ.

“ಟೀಚರ್, ‘ಯೂ’ ಅಂದ್ರೆ ನಾನೊಬ್ಳೇನಾ?”

“ಹೌದಂತೆ, ಓಡೀಲ್.”

“ಗಾಳಿ ಏನು, ಬಾಗಿಲು ತಟ್ಟಿ ಒಬ್ಬೊಬ್ರನ್ನೇ ಮಾತಾಡಿಸ್ಕೊಂಡು ಬಂದಿತ್ತಾ? ಇಡೀ ಬೀದೀನೇ ಬಾಚ್ಕೊಂಡು ಹೋಯ್ತಲ್ರೀ!”

“ಪಾಪ, ಅದು ಕರಾರು ಓದಿರ್ಲಿಲ್ಲ ಅಕ್ಕ,” ಎಂದ ಆಲ್ಸೀಡ್. “ಮುಂದಿನ ಸಲ ಸಾಲಲ್ಲಿ ನಿಂತ್ಕೊಂಡು ಬಾ ಅನ್ನೋಣ.”

ಓಡೀಲ್ ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದರು: “ಪಟ್ಟಿಯಿಂದ ನನ್ನ ಹೆಸರು ತೆಗೆದ್ಬಿಡಿ ಟೀಚರ್. ಒಬ್ಳೇ ವರಾಂಡಕ್ಕೆ ಹೋಗೋಕಾಗಲ್ಲ, ನ್ಯೂಯಾರ್ಕಿಗೆ ಹೋಗ್ತೀನಾ?”

ಮಾನ್ಯರೇ, ವಿಮಾ ಸಂಸ್ಥೆ ಕಾದು ಕುಳಿತಿರುವುದು ಈ ಒಂದು ವಾಕ್ಯಕ್ಕೇ. ಬಿಡಿಬಿಡಿಯಾದ ವ್ಯಾಜ್ಯಗಳನ್ನು ಯಾವ ವಕೀಲನೂ ಮುಟ್ಟುವುದಿಲ್ಲವೆಂಬುದು ಅದಕ್ಕೆ ಗೊತ್ತು, ನಿಮಗೆ ಗೊತ್ತಿಲ್ಲವೇ? ಬಿರುಗಾಳಿಯ ತಿಂಗಳುಗಳು ಮತ್ತೆ ಬಾಗಿಲಿಗೆ ಬಂದಿವೆ. ಟಾರ್ಪಾಲು ಇನ್ನೊಂದು ಗಾಳಿಯನ್ನು ತಡೆಯದು. ಅದರ ಕೆಳಗಿನ ಜೀವವೂ ತಡೆಯದು. ಆಮೇಲೆ ಯಾರ ಅಹವಾಲನ್ನು ಯಾವ ಮಧ್ಯಸ್ಥಗಾರ ಕೇಳುತ್ತಾನೆ?

ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ತೀರ್ಪಿನುದ್ದಕ್ಕೂ ‘ನಾವು ಭಾವಿಸುತ್ತೇವೆ’, ‘ನಾವು ರದ್ದುಪಡಿಸುತ್ತೇವೆ’ ಎಂದು ಬರೆದಿದ್ದೀರಿ. ಮೂವರು ಒಟ್ಟಿಗೆ ಕುಳಿತು ‘ನಾವು’ ಎಂದರೆ ಅದು ನ್ಯಾಯಪೀಠ. ಸೂರಿಲ್ಲದ ಬೀದಿ ಒಟ್ಟಿಗೆ ನಿಂತು ‘ನಾವು’ ಎಂದರೆ ಕರಾರಿನ ಉಲ್ಲಂಘನೆ!

ಈ ಪ್ರಕರಣವನ್ನು ಪೂರ್ಣ ಪೀಠದ ಮುಂದೆ, ಮೊದಲ ಬಿರುಗಾಳಿಗಿಂತ ಮೊದಲು, ಮರುವಿಚಾರಣೆ ಮಾಡಿ. ಬೇಡುತ್ತಿದ್ದೇನೆ; ಬೇಡಿ ಅಭ್ಯಾಸವಿಲ್ಲದವಳು ಬೇಡುತ್ತಿದ್ದೇನೆ. ಓಡೀಲರ ಹೆಸರನ್ನು ನಾನು ತೆಗೆದಿಲ್ಲ. ತೆಗೆಯಲೇಬೇಕಾದರೆ ನೀವೇ ಬಂದು ಅವರನ್ನು ಕೇಳಿ. ಆದರೆ ಒಬ್ಬೊಬ್ಬರಾಗಿ ಬನ್ನಿ. ಆ ಕೋಣೆಯಲ್ಲಿ ನೆನೆಯದ ಕುರ್ಚಿ ಒಂದೇ ಇದೆ.

ಇಂತಿ,
ನಿಮ್ಮ ತೀರ್ಪಿನಿಂದ ಬಹುವಚನ ಕಳೆದುಕೊಂಡ
ನಿವೃತ್ತ ವ್ಯಾಕರಣ ಶಿಕ್ಷಕಿ